ಗೋಮಾಳ ಖಾಲಿ ಜಾಗವಲ್ಲ

ಮಾನ್ಯರೇ,

ಯಲಬುರ್ಗಾ, ಕುಕನೂರು ಕಡೆ ಈಗ ಎತ್ತ ನೋಡಿದರೂ ಗಾಳಿಯಂತ್ರ. ಕರೆಂಟು ಬೇಡ ಅನ್ನುವವರು ಯಾರೂ ಇಲ್ಲ. ಆದರೆ ಗಾಳಿಯಂತ್ರ, ಸೋಲಾರ್‌ಗೆ ಜಾಗ ಕೊಡುವಾಗ ಸರ್ಕಾರಿ ಜಮೀನು ಅಂದ ಕೂಡಲೇ ಸುಮ್ನೆ ಬಿದ್ದಿದೆ ಎಂದುಕೊಳ್ಳುವುದು ಸರಿಯಲ್ಲ. ಹಿಂಗಾರಿ ಬೆಳೆ ಹೊಲದಲ್ಲಿ ನಿಂತಿರುವಾಗ ಕುರಿಗಳಿಗೆ ಉಳಿಯುವುದು ಊರ ಜಾನುವಾರು ಮೇಯಲು ಬಿಟ್ಟ ಈ ಸರ್ಕಾರಿ ಗೋಮಾಳವೇ ಅಲ್ವಾ? ನೂರು ಜಾನುವಾರಿಗೆ ಕನಿಷ್ಠ 12 ಹೆಕ್ಟೇರ್ ಗೋಮಾಳ ಇರಬೇಕೆಂದು ಭೂಕಂದಾಯ ನಿಯಮವೇ ಹೇಳುತ್ತದೆ.

ಗಾಳಿಯಂತ್ರದ್ದು ಅಷ್ಟು ತಕರಾರಿಲ್ಲ. ಕಂಬದ ಬುಡ, ಕ್ರೇನ್ ನಿಲ್ಲುವ ಜಾಗ, ರಸ್ತೆ ಬಿಟ್ಟರೆ ಸುತ್ತಲೂ ಕುರಿ ಆರಾಮಾಗಿ ಮೇಯುತ್ತವೆ. ಸೋಲಾರ್ ಹಾಗಲ್ಲ. ಒಂದು ಮೆಗಾವಾಟ್‌ಗೆ ನಾಲ್ಕೈದು ಎಕರೆ, ಸುತ್ತ ತಂತಿ ಬೇಲಿ, ಗೇಟಿಗೆ ಬೀಗ. ಹಳ್ಳದ ನೀರು ಬೇಲಿಯಾಚೆ ಇದ್ದರೆ ಕುರಿಗಾರ ಊರೆಲ್ಲ ಸುತ್ತಬೇಕು.

ಪಾವಗಡದಲ್ಲಿ ಸೋಲಾರ್ ಪಾರ್ಕಿಗೆ ರೈತರ ಜಮೀನನ್ನು ಗುತ್ತಿಗೆಗೆ ಪಡೆದು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರು ಮಾಡಿದರು. ಗೋಮಾಳ ಬಿಟ್ಟುಕೊಟ್ಟ ಊರಿಗೆ ಏನು? ಪಹಣಿ ಇರುವುದು ಸರ್ಕಾರದ ಹೆಸರಲ್ಲಿ, ಯಾವ ರೈತನ ಹೆಸರಲ್ಲೂ ಅಲ್ಲ, ಹಾಗಾಗಿ ಕೇಳುವವರೂ ಇಲ್ಲ. ಬಾಡಿಗೆಯಲ್ಲಿ ಒಂದು ಪಾಲು ಗ್ರಾಮ ಪಂಚಾಯಿತಿಗೆ ಬರಲಿ. ದನಕರುಗಳ ದಾರಿ, ನೀರಿನ ದಾರಿ ಬಿಟ್ಟೇ ಬೇಲಿ ಹಾಕಲಿ. ಜಾಗ ಕೊಡುವ ಮೊದಲು ಗ್ರಾಮಸಭೆ ಕರೆಯಲಿ, ಅದೂ ಕುರಿಗಾರರು ವಲಸೆಯಿಂದ ಊರಿಗೆ ವಾಪಸ್ ಬಂದಿರುವಾಗ.

– ಓದುಗ, ಯಲಬುರ್ಗಾ, ಕೊಪ್ಪಳ ಜಿಲ್ಲೆ