ಸಿಲಿಂಡರನ್ನು ಮನೆ ಬಾಗಿಲಿಗೆ ತಲುಪಿಸಿ: ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ಗ್ಯಾಸ್ ಬಿಲ್ಲಿನಲ್ಲಿ ಹಾಕುವ ದರದಲ್ಲೇ ಮನೆಗೆ ತಲುಪಿಸುವ ಖರ್ಚೂ ಸೇರಿದೆ ಎಂಬುದು ತಮಗೆ ತಿಳಿಯದ್ದೇನಲ್ಲ. ಆದರೂ ನಮ್ಮೂರಿಗೆ ಬರುವ ಗಾಡಿ ಡಾಂಬರು ರಸ್ತೆ ಬಿಟ್ಟು ಇಳಿಯುವುದಿಲ್ಲ. ಹುಡುಗ ಅಲ್ಲಿಂದಲೇ ಫೋನ್ ಮಾಡಿ ಓಟಿಪಿ ಕೇಳುತ್ತಾನೆ, ಬಸ್ ಸ್ಟಾಪಿನಲ್ಲಿ ಸಿಲಿಂಡರ್ ಇಳಿಸಿ ಹೋಗುತ್ತಾನೆ. ಮೇಲಿನ ದುಡ್ಡು ಬೇರೆ. ವರ್ಷಗಟ್ಟಲೆ ಸಹಿಸಿದ್ದಾಯಿತು.

ಕಳೆದ ಆಷಾಢದಲ್ಲಿ ಜಡಿಮಳೆ. ಮನೆಯಲ್ಲಿ ಅಮ್ಮ ಒಬ್ಬರೇ. 14.2 ಕಿಲೋ ಅನಿಲ, ಅದರ ಮೇಲೆ ಕಬ್ಬಿಣದ ಭಾರ, ಒಟ್ಟು ಹತ್ತಿರಹತ್ತಿರ 30 ಕಿಲೋ. ಅದನ್ನು ಹೊತ್ತು ಕಾಲುಸಂಕ ದಾಟಲು ವಯಸ್ಸಾದ ಹೆಂಗಸಿಗೆ ಆದೀತೇ? ಸಂಜೆ ಆಚೆಮನೆಯವರು ಹೋಗಿ ನೋಡಿದರೆ ಸಿಲಿಂಡರೇ ಇಲ್ಲ! ಮೊಬೈಲಿಗೆ ಮಾತ್ರ ‘ಡೆಲಿವರಿ ಆಗಿದೆ’ ಎಂದು ಮೆಸೇಜ್ ಬಂದಿತ್ತು. ಏಜೆನ್ಸಿಯಲ್ಲಿ ಕೇಳಿದರೆ, “ಓಟಿಪಿ ಕೊಟ್ಟಾಯ್ತಲ್ಲ, ಇನ್ನು ನಮ್ಮ ಜವಾಬ್ದಾರಿ ಇಲ್ಲ” ಎಂದರು.

ಮುಂದಿನ ಸಿಲಿಂಡರ್ ಬರುವ ತನಕ ಅಮ್ಮ ಹಸಿ ಸೌದೆಯಲ್ಲೇ ಅಡುಗೆ ಮಾಡಿದರು. ಮಲೆನಾಡಿನ ಮಳೆಗಾಲದ ಸೌದೆ ಹೇಗಿರುತ್ತದೆಂದು ಒಮ್ಮೆ ಬಂದು ನೋಡಿ. ಕೊಳ್ಳಿಯ ಹಿಂತುದಿಯಲ್ಲಿ ನೊರೆ ಉಕ್ಕಿ ಸುಂಯ್ಗುಡುತ್ತದೆ. ಬೆಂಕಿಯ ಕಾವೆಲ್ಲ ಮೊದಲು ಆ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಕಾವು ಸಾಲದಿದ್ದರೆ ಮರದಿಂದ ಹೊರಡುವ ಅನಿಲ ಹೊತ್ತಿಕೊಳ್ಳುವುದಿಲ್ಲ, ಹೊಗೆಯಾಗಿ ಮನೆ ತುಂಬುತ್ತದೆ. ಅನ್ನ ಬೇಯಿಸಬೇಕಾದದ್ದು ಊದುಗೊಳವೆ ಹಿಡಿದು ಕೂತ ಅಮ್ಮನ ಎದೆಗೆ ಇಳಿಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ನಮ್ಮಲ್ಲಿದೆ, ಹೊಗೆಕೊಳವೆಯೂ ಇದೆ. ನೆನೆದ ಸೌದೆಗೆ ಅದೂ ಸೋಲುತ್ತದೆ. ಅಮ್ಮನ ಕೆಮ್ಮು ದೀಪಾವಳಿ ಕಳೆದರೂ ನಿಲ್ಲಲಿಲ್ಲ.

ಬಡ ಹೆಂಗಸರನ್ನು ಈ ಹೊಗೆಯಿಂದ ಬಿಡಿಸಲೆಂದೇ 2016ರಲ್ಲಿ ಉಜ್ವಲ ಯೋಜನೆ ಬಂತಲ್ಲವೇ? ನಮ್ಮ ಕೇರಿಯ ಉಜ್ವಲ ಮನೆಗಳಲ್ಲಿ ಗ್ಯಾಸ್ ಸ್ಟೌ ಮೇಲೆ ಅಡಕೆ ಚೀಲ ಕೂತಿದೆ. ಸಬ್ಸಿಡಿ 300 ರೂಪಾಯಿ ಬಂದರೂ ಸಿಲಿಂಡರ್ ತರುವ ಆಟೋ ಬಾಡಿಗೆಗೆ ಅದರಲ್ಲೇ ಕೈಹಾಕಬೇಕು. ಕೂಲಿಗೆ ಹೋಗುವವರು ಎಷ್ಟೆಂದು ತೆತ್ತಾರು?

ಸ್ವಾಮಿ, ನಾವು ಹೊಸ ಯೋಜನೆ ಬೇಡುತ್ತಿಲ್ಲ. ಸಿಲಿಂಡರನ್ನು ಮನೆ ಬಾಗಿಲಿಗೆ ತಲುಪಿಸಲಿ. ಅದು ಮನೆಗೆ ಬಂದ ಮೇಲೆ ಓಟಿಪಿ ಕೇಳಲಿ, ಬಿಲ್ಲಿಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೇಳಕೂಡದು. ಏಜೆನ್ಸಿಗಳ ಸಭೆ ಕರೆದು ಇಷ್ಟನ್ನು ಲಿಖಿತ ಆದೇಶ ಮಾಡಿ, ಪ್ರತಿಯನ್ನು ಪಂಚಾಯಿತಿ ಬೋರ್ಡಿಗೆ ಅಂಟಿಸಿ. ಮತ್ತೆ ಹೇಳುತ್ತೇನೆ: ಮನೆ ಬಾಗಿಲಿಗೆ, ಬಸ್ ಸ್ಟಾಪಿಗಲ್ಲ. ಮುಂಗಾರು ಹಿಡಿಯುವ ಮೊದಲೇ ಇದು ಆಗಬೇಕು.

ಇತಿ,
ಮಲೆನಾಡಿನ ಒಬ್ಬ ಗ್ರಾಹಕಿ