ಸಿಗ್ನಲ್ ಇಲ್ಲದ ಮನೆಗೂ ಕಾಲ್ ಬರುತ್ತದೆ, ಜನರಿಗೆ ತಿಳಿಸಿ

ಮಾನ್ಯ ಸಂಪಾದಕರೇ,

ಗುಡಿಬಂಡೆ ತಾಲ್ಲೂಕಿನ ನಮ್ಮ ಊರು ಬೆಟ್ಟದ ಮಗ್ಗುಲಲ್ಲಿದೆ. ಟವರ್ ಇರುವುದು ಬೆಟ್ಟದ ಆಚೆ. ಮನೆಯೊಳಗೆ ಒಂದು ಕಡ್ಡಿ ಸಿಗ್ನಲ್ ಸಿಕ್ಕಿದರೂ ಪುಣ್ಯ. ಬ್ಯಾಂಕಿನ ಒಟಿಪಿ ಬೇಕೆಂದರೆ ಮಾಳಿಗೆ ಹತ್ತಿ, ನೀರಿನ ಟ್ಯಾಂಕ್ ಪಕ್ಕ ಫೋನ್ ಎತ್ತಿ ಹಿಡಿದು ನಿಲ್ಲಬೇಕು. ಅದು ಬಂದು ಸೇರುವಷ್ಟರಲ್ಲಿ ಟೈಮ್ ಮುಗಿದಿರುತ್ತದೆ. ಆದರೆ ಇದೇ ಬೀದಿಯ ಎಷ್ಟೋ ಮನೆಗಳಲ್ಲಿ ಫೈಬರ್ ಇಂಟರ್ನೆಟ್ ಇದೆ, ಮಕ್ಕಳು ಆರಾಮಾಗಿ ಯೂಟ್ಯೂಬ್ ನೋಡುತ್ತಾರೆ!

ಈ ತೊಂದರೆಗೆ ದಾರಿ ಬಹಳಷ್ಟು ಸ್ಮಾರ್ಟ್‌ಫೋನ್‌ಗಳಲ್ಲೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ವಿಭಾಗಕ್ಕೆ ಹೋದರೆ 'ವೈಫೈ ಕಾಲಿಂಗ್' ಎಂಬುದು ಕಾಣುತ್ತದೆ. ಅದನ್ನು ಆನ್ ಮಾಡಿದರೆ ಸಾಕು, ಟವರ್ ಸಿಗ್ನಲ್ ಇಲ್ಲದಿದ್ದರೂ ಮನೆಯ ವೈಫೈ ಮೂಲಕವೇ ಮಾಮೂಲಿ ಕಾಲ್ ಬರುತ್ತದೆ, ಹೋಗುತ್ತದೆ. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೊ 2020ರ ಜನವರಿಯಲ್ಲಿ ಇದನ್ನು ಶುರು ಮಾಡಿದವು. ಬೇರೆ ಆ್ಯಪ್ ಬೇಡ, ಬೇರೆ ನಂಬರ್ ಬೇಡ, ಇದಕ್ಕೆಂದೇ ಬೇರೆ ದುಡ್ಡೂ ಕೊಡಬೇಕಿಲ್ಲ. ಆದರೂ ನಮ್ಮ ಕಡೆ ಬಹಳ ಜನಕ್ಕೆ ಇದು ಗೊತ್ತೇ ಇಲ್ಲ.

ಇದು ಹೇಗೆ ಸಾಧ್ಯ ಎಂದು ಕೆಲವರು ಕೇಳುತ್ತಾರೆ. 2ಜಿ, 3ಜಿಯಲ್ಲಿ ಮಾತಿಗೆ ಒಂದು ದಾರಿ, ಇಂಟರ್ನೆಟ್‌ಗೆ ಇನ್ನೊಂದು ದಾರಿ ಇತ್ತು. 4ಜಿಯಲ್ಲಿ ಹಾಗಿಲ್ಲ, ಮಾತು ಕೂಡ ಡೇಟಾ ಆಗಿಯೇ ಹೋಗುತ್ತದೆ. ವೋಲ್ಟೆ ಅಂತಾರಲ್ಲ, ಅದೇ ಇದು. ಕಾಲ್ ಡೇಟಾ ಆದಮೇಲೆ ಅದು ಟವರ್‌ನಿಂದಲೇ ಬರಬೇಕೆಂದೇನೂ ಇಲ್ಲ, ಅಲ್ವಾ? ಮನೆಯ ರೂಟರ್ ಮೂಲಕ ಸಿಮ್ ಕಂಪನಿಯ ಸರ್ವರ್ ಸೇರಿದರೂ ಆಯಿತು. ಫೋನ್ ಆ ಸರ್ವರ್‌ವರೆಗೆ ಬೇರೆಯವರು ಕದ್ದು ಕೇಳಲಾಗದಂಥ ದಾರಿ ಮಾಡಿಕೊಳ್ಳುತ್ತದೆ. ಫೋನ್ ಮತ್ತು ಕಂಪನಿ ಎರಡರಲ್ಲೂ ಸೌಲಭ್ಯ ಇದ್ದರೆ ಎಸ್‌ಎಂಎಸ್ ಕೂಡ ಇದೇ ದಾರಿಯಲ್ಲಿ ಬರುತ್ತದೆ. ನಮ್ಮಂಥವರಿಗೆ ಕಾಲ್‌ಗಿಂತ ಅದೇ ಮುಖ್ಯ. ಆಧಾರ್, ಬ್ಯಾಂಕ್, ಪಿಎಂ ಕಿಸಾನ್ ಇ-ಕೆವೈಸಿ, ಎಲ್ಲದಕ್ಕೂ ಒಟಿಪಿ ಕೇಳುತ್ತಾರೆ.

ವಾಟ್ಸ್ಆ್ಯಪ್ ಕಾಲ್ ಇದೆಯಲ್ಲ, ಇದೆಲ್ಲ ಯಾಕೆ ಎಂದು ಹುಡುಗರು ಹೇಳುತ್ತಾರೆ. ವಾಟ್ಸ್ಆ್ಯಪ್‌ನಿಂದ 108ಕ್ಕೆ, 112ಕ್ಕೆ ಕಾಲ್ ಮಾಡಲು ಆಗುವುದಿಲ್ಲ. ಡೇರಿ ಕಾರ್ಯದರ್ಶಿಯ ಕೀಪ್ಯಾಡ್ ಫೋನ್‌ಗೂ ಅದರಿಂದ ಮಾಡಲಾಗದು. ಜೊತೆಗೆ ಮೊಬೈಲ್ ಡೇಟಾದಲ್ಲಿ ವಾಟ್ಸ್ಆ್ಯಪ್ ಕಾಲ್ ಎಲ್ಲರ ವಿಡಿಯೊಗಳ ಜೊತೆ ಸಾಲಿನಲ್ಲಿ ನಿಲ್ಲಬೇಕು. ವೋಲ್ಟೆ ಕಾಲ್‌ಗಾದರೆ ಟವರ್ ಮೊದಲು ಜಾಗ ಬಿಡುತ್ತದೆ. ಜಾತ್ರೆ, ಸಂತೆಯಲ್ಲಿ ಜನ ತುಂಬಿದಾಗ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ನನ್ನ ಕೋರಿಕೆ ಇಷ್ಟೇ. ಸಿಮ್ ಮಾರುವಾಗ, ರೀಚಾರ್ಜ್ ಮಾಡುವಾಗ ಅಂಗಡಿಯವರು ಗಿರಾಕಿಯ ಫೋನ್ ತೆಗೆದುಕೊಂಡು ಇದನ್ನು ಆನ್ ಮಾಡಿಕೊಡಲಿ, ಅರ್ಧ ನಿಮಿಷದ ಕೆಲಸ. ಹಾಗೆ ಮಾಡಿ ಎಂದು ಅವರಿಗೆ ಸಿಮ್ ಕಂಪನಿಗಳು ಹೇಳಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ವಯಸ್ಸಾದವರಿಗೆ ಕೂರಿಸಿ ತೋರಿಸಲಿ. ತಮ್ಮ ಪತ್ರಿಕೆಯೂ ವಿಧಾನವನ್ನು ಚಿತ್ರದ ಜೊತೆ ಒಮ್ಮೆ ಪ್ರಕಟಿಸಿದರೆ ಬಹಳ ಉಪಕಾರವಾಗುತ್ತದೆ.

ಹಾಗಂತ ಟವರ್ ಬೇಡವೆಂದು ಯಾರೂ ತಿಳಿಯಬಾರದು. ಕರೆಂಟ್ ಹೋದರೆ ರೂಟರ್ ಆಫ್. ಹೊಲದಲ್ಲಿ ವೈಫೈ ಇಲ್ಲ. ಸಾದಾ ಕೀಪ್ಯಾಡ್ ಸೆಟ್ ಇಟ್ಟುಕೊಂಡ ಅಜ್ಜ ಅಜ್ಜಿಯರಿಗೆ ಈ ಸೌಲಭ್ಯ ಸಿಗುವುದೂ ಇಲ್ಲ. ಬೆಟ್ಟದ ಈಚೆಗೂ ಒಂದು ಟವರ್ ಹಾಕಬೇಕೆಂಬ ನಮ್ಮ ಬೇಡಿಕೆಯನ್ನು ಜಿಲ್ಲಾಡಳಿತ ಮತ್ತು ಕಂಪನಿಗಳು ಆದಷ್ಟು ಬೇಗ ಈಡೇರಿಸಬೇಕು.

— ಒಬ್ಬ ಓದುಗ, ಗುಡಿಬಂಡೆ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ