ಹೆದ್ದಾರಿಯನ್ನೂ ಬರಿ

ಚಿ॥ ಮಾನಸಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಜಲವರ್ಣದ ಚಿತ್ರ ತಲುಪಿತು. ಕೈ ಚೆನ್ನಾಗಿ ಕುದುರಿದೆ, ಮೋಡಗಳಂತೂ ಇನ್ನೂ ಒದ್ದೆ ಇವೆಯೇನೋ ಅನ್ನಿಸುತ್ತೆ. ಆದರೆ ಒಂದು ತಕರಾರು. ಮ್ಯಾಸಚೂಸೆಟ್ಸ್‌ನ ಮೌಂಟ್ ಹೋಲಿಯೋಕ್ ಬೆಟ್ಟದ ಮೇಲೆ ನಿಂತರೆ, ಕನೆಕ್ಟಿಕಟ್ ನದಿಯ ಹಳೇ ತಿರುವಾದ ಆಕ್ಸ್‌ಬೋ ನೀರನ್ನು ದಾಟಿ ಹೋಗುವ ಇಂಟರ್‌ಸ್ಟೇಟ್ 91 ಹೆದ್ದಾರಿ ಎದ್ದು ಕಾಣುತ್ತೆ. ನಿನ್ನ ಚಿತ್ರದಲ್ಲಿ ಅದರ ಸುಳಿವೇ ಇಲ್ಲ. ಹತ್ತೊಂಬತ್ತನೇ ಶತಮಾನದ ಚಿತ್ರಕಾರ ಥಾಮಸ್ ಕೋಲ್ ಕಂಡ ಹಾಗೆ ಬರೆಯಬೇಕಿತ್ತು, ಅದಕ್ಕೇ ಬಿಟ್ಟೆ ಎಂದಿದ್ದೀಯ.

ಅವನು ಕಂಡದ್ದಾದರೂ ಏನು? ನ್ಯೂಯಾರ್ಕಿಗೆ ಬಂದಾಗ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಅವನ 1836ರ 'ಆಕ್ಸ್‌ಬೋ' ಮುಂದೆ ಸ್ವಲ್ಪ ಹೊತ್ತು ನಿಲ್ಲು. ಹೆಚ್ಚುಕಡಿಮೆ ಎರಡು ಮೀಟರ್ ಅಗಲದ ಚಿತ್ರ. ಎಡಕ್ಕೆ ಗುಡುಗು ಮಳೆ, ಮುರಿದ ಮರ; ಬಲಕ್ಕೆ ಬಿಸಿಲು ಬಿದ್ದ ಹೊಲಗಳು. ಇಷ್ಟನ್ನು ಎಲ್ಲರೂ ನೋಡುತ್ತಾರೆ. ನೀನು ದೂರದ ಗುಡ್ಡ ನೋಡು. ಮರ ಕಡಿದು ಬೋಳಾದ ಪಟ್ಟೆಗಳಿವೆ. ಅವುಗಳಲ್ಲಿ ಹೀಬ್ರೂ ಅಕ್ಷರ ಓದುವ ಪಂಡಿತರಿದ್ದಾರೆ. ನನಗೆ ಕಾಣುವುದು ಕೊಡಲಿ ಏಟು ಮಾತ್ರ. ಕೆಳಗೆ ಬಂಡೆಗಳ ನಡುವೆ ಟೋಪಿ ಹಾಕಿಕೊಂಡು, ನಮ್ಮತ್ತ ತಿರುಗಿ ನೋಡುತ್ತಿರುವ ಪುಟ್ಟ ಮನುಷ್ಯ ಕೋಲನೇ.

ಅವನೂ ಅಲ್ಲಿಯವನಲ್ಲ. ಹುಟ್ಟಿದ್ದು 1801ರಲ್ಲಿ, ಇಂಗ್ಲೆಂಡಿನ ಲ್ಯಾಂಕಾಶೈರಿನ ಬೋಲ್ಟನ್‌ನಲ್ಲಿ. ಹತ್ತಿ ಗಿರಣಿಗಳ ಸೀಮೆ. ಹುಡುಗನಾಗಿದ್ದಾಗ ಬಟ್ಟೆಗೆ ಅಚ್ಚು ಹಾಕುವ ವಿನ್ಯಾಸ ಕೆತ್ತುತ್ತಿದ್ದ. 1818ರಲ್ಲಿ ಮನೆಯವರ ಜೊತೆ ಅಮೆರಿಕಕ್ಕೆ ಬಂದ. ಗಿರಣಿ ಹೊಗೆ ನೋಡಿ ಬಂದವನಿಗೆ ಕಾಡು ಕಂಡಾಗ ಖುಷಿಯ ಜೊತೆಗೇ ದಿಗಿಲೂ ಆಗಿರಬೇಕು.

ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಕಣಿವೆಯಲ್ಲಿ ಮರ ಕಡಿಯುತ್ತಿದ್ದಾರೆಂದು 1836ರಲ್ಲೇ ತನ್ನ ಪೋಷಕ ಲೂಮನ್ ರೀಡ್‌ಗೆ ಬೆಂಕಿ ಕಾರಿ ಪತ್ರ ಬರೆದ. ಆದರೆ ಮರುವರ್ಷ ಮುಗಿಸಿದ ಚಿತ್ರದಲ್ಲಿ ಅದೇ ಕಣಿವೆ ಹಸಿರಾಗಿ, ಏನೂ ಆಗೇ ಇಲ್ಲವೆಂಬಂತೆ ಇದೆ. ಆ ಕಣಿವೆಯ ಹೊಳೆಯ ಹತ್ತಿರ ಕೊಡಲಿ ಹಿಡಿದವನನ್ನೂ, ಕಡಿದು ಬಿದ್ದ ಮರಗಳನ್ನೂ, ದೂರದಲ್ಲಿ ಪುಟ್ಟ ರೈಲನ್ನೂ ಬರೆದದ್ದು 1843ರಲ್ಲಿ. ಮೊದಲನೆಯದೇ ಹೆಚ್ಚು ಚೆಂದ, ಒಪ್ಪುತ್ತೇನೆ. ಆದರೂ ನನಗೆ ಬೇಕಾದದ್ದು ಎರಡನೆಯದು.

ಇನ್ನು ನೀನು ಉಳಿಸಲು ಹೊರಟ ಆ ನದಿ ತಿರುವು? ಕೋಲ್ ಬರೆದ ನಾಲ್ಕೇ ವರ್ಷಕ್ಕೆ, 1840ರ ಪ್ರವಾಹದಲ್ಲಿ ಕನೆಕ್ಟಿಕಟ್ ನದಿ ಅದರ ಕುತ್ತಿಗೆ ಕೊರೆದು ನೇರ ಹರಿಯಿತು. ಈಗಿರುವುದು ಪಕ್ಕಕ್ಕೆ ಉಳಿದ ನೀರು.

'ನನ್ನೂರಲ್ಲ, ಕೊಂಕು ತೆಗೆಯೋಕೆ ನಾನ್ಯಾರು' ಅಂತ ಸಂಕೋಚ ಬೇರೆ ನಿನಗೆ. ಬೆಂಗಳೂರಲ್ಲಿ ಬೆಳೆದವಳು ನೀನು, ಕೆರೆ ಹೇಗೆ ಲೇಔಟ್ ಆಗುತ್ತೆ ಅಂತ ಗೊತ್ತು. ಆ ಕಣ್ಣನ್ನು ಮುಚ್ಚಿಡಬೇಡ. ಹೆದ್ದಾರಿ ಕೆಟ್ಟದ್ದು ಅಂತ ಸಾರಬೇಕಾಗಿಲ್ಲ. ನೀನೂ ಆಮ್ಹರ್ಸ್ಟ್‌ಗೆ ಅದರಲ್ಲೇ ಹೋದವಳು. ಇದೆ ಅಂತ ತೋರಿಸು, ಸಾಕು.

ಎಲೆ ಉದುರಿದ ಮೇಲೆ ಇನ್ನೊಮ್ಮೆ ಹತ್ತು, ರಸ್ತೆ ಚೆನ್ನಾಗಿ ಕಾಣುತ್ತೆ. ಡಾಂಬರಿಗೆ ಟ್ಯೂಬಿನ ಕಪ್ಪು ಬಳಿಯಬೇಡ; ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಕಂದು ಬೆರೆಸಿಕೊ. ಲಾರಿಗಳನ್ನೂ ಬಿಡಬೇಡ.

ನಿನ್ನ
ದೊಡ್ಡಪ್ಪ